ಬೂದಿದಿಬ್ಬದ ಮುಂದೆ ಮಾವ ಕೇಳಿದ ಪ್ರಶ್ನೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ರಸ್ತೆಯಲ್ಲಿ, ಕುಡತಿನಿಯ ಹತ್ತಿರ, ಒಂದು ಬೂದಿದಿಬ್ಬವಿದೆ. ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ, ಆದರೆ ಇಳಿದು ನೋಡಿದ್ದು ತೀರ ತಡವಾಗಿ, ಕೆಲವು ವರ್ಷಗಳ ಹಿಂದೆ ಒಂದು ಮದುವೆಗೆಂದು ಸೋದರಮಾವನ ಜೊತೆ ಹೋಗುವಾಗ. ಮಾವ ಕುರುಗೋಡಿನ ಕಡೆಯವರು. ಎರೆ ಹೊಲದಲ್ಲಿ ಜೋಳ, ಕಡಲೆ, ಹತ್ತಿ ಬೆಳೆದು ಎಪ್ಪತ್ತು ದಾಟಿದವರು. ನಾನು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವಳು. ದಿಬ್ಬದ ಒಂದು ಮಗ್ಗುಲಲ್ಲಿ ಮಣ್ಣು ಜಾರಿ ಒಳಗಿನ ಪದರಗಳು ಕಾಣುತ್ತಿದ್ದವು. ಹಿಟ್ಟಿನಷ್ಟು ನುಣುಪಾದ ಬೂದುಬಣ್ಣದ ಒಂದು ಪದರ, ಅದರ ಮೇಲೆ ತೂತುತೂತಾಗಿ ಗಟ್ಟಿಯಾದ ಕಿಟ್ಟದಂಥ ಇನ್ನೊಂದು ಪದರ, ಮತ್ತೆ ಬೂದಿ, ಮತ್ತೆ ಕಿಟ್ಟ. ಮಾವ ಬಿದ್ದಿದ್ದ ಒಂದು ಉಂಡೆಯನ್ನು ಅಂಗೈಯಲ್ಲಿಟ್ಟು ತೂಗಿದರು, ಹೆಬ್ಬೆರಳಿನಿಂದ ತಿಕ್ಕಿ ಮೂಸಿದರು, ಏನಿದು ಎಂದು ಕೇಳಿದರು. ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ದನ ಸಾಕಿದವರು ಸುಟ್ಟ ಸಗಣಿಯ ಬೂದಿ ಎಂದು ನಾನು ಓದಿಕೊಂಡಿದ್ದನ್ನು ಹೇಳಿದೆ. ಅವರು ಉಂಡೆಯನ್ನು ಇದ್ದಲ್ಲಿಯೇ ಇಟ್ಟು, ದಿಬ್ಬದ ತುದಿಯವರೆಗೂ ಕಣ್ಣು ಹಾಯಿಸಿ, “ಇಷ್ಟು ಗೊಬ್ಬರ ಯಾಕ ಸುಟ್ಟರವ್ವ?” ಎಂದರು.

ಆ ದಿನ ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಆ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ ಎಂಬುದು. ಸಗಣಿ ಎಂದು ತಿಳಿದೊಡನೆ ನನ್ನ ಮಟ್ಟಿಗೆ ಒಗಟು ಬಿಡಿಸಿದಂತಾಗಿತ್ತು. ಮಾವನಿಗೆ ಒಗಟು ಶುರುವಾದದ್ದೇ ಅಲ್ಲಿಂದ. ತಿಪ್ಪೆಯ ಗಾತ್ರ ನೋಡಿ ಮನೆತನದ ಬಲ ಅಳೆಯುತ್ತಿದ್ದ ಕಾಲದವರು ಅವರು. ನಮ್ಮ ಕಡೆ ದೀಪಾವಳಿಯ ಪಾಡ್ಯದ ದಿನ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಹೂವು ಸಿಕ್ಕಿಸಿ, ಹೊಸ್ತಿಲಲ್ಲಿಟ್ಟು ಪೂಜಿಸುತ್ತಾರೆ. ತಿಪ್ಪೆಗೂ ಒಂದು ದೀಪ ಹಚ್ಚಿಡುತ್ತಾರೆ. ಒಲೆಗೆ ಬೇಕಾದಷ್ಟು ಕುಳ್ಳು ತಟ್ಟಿಕೊಂಡು ಉಳಿದದ್ದೆಲ್ಲ ಹೊಲಕ್ಕೆ ಹೋಗಬೇಕು, ಒಂದು ಬುಟ್ಟಿಯೂ ವ್ಯರ್ಥವಾಗಬಾರದು ಎಂಬ ಲೆಕ್ಕದಲ್ಲಿ ಬದುಕಿದ ಮನುಷ್ಯನಿಗೆ, ತಲೆಮಾರುಗಟ್ಟಲೆ ಗೊಬ್ಬರವನ್ನು ಗುಡ್ಡೆ ಹಾಕಿ ಬೆಂಕಿಯಿಟ್ಟ ಜನ ಅರ್ಥವಾಗುವುದಾದರೂ ಹೇಗೆ? ಅಂದಿನಿಂದ ಬೂದಿದಿಬ್ಬಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ, ಮಾವನ ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡೇ ಓದಿದ್ದೇನೆ.

ಏನು ಎಂಬ ಪ್ರಶ್ನೆಗೆ ನೂರಿಪ್ಪತ್ತು ವರ್ಷ

ರಾಯಚೂರು, ಬಳ್ಳಾರಿ, ಕೊಪ್ಪಳ, ಯಾದಗಿರಿ ಸೀಮೆಯಲ್ಲಿಯೂ ಗಡಿಯಾಚೆಯ ಅನಂತಪುರ, ಕರ್ನೂಲು, ಮಹಬೂಬನಗರಗಳಲ್ಲಿಯೂ ಇಂಥ ದಿಬ್ಬಗಳು ನೂರಕ್ಕೂ ಹೆಚ್ಚು ಸಿಕ್ಕಿವೆ. ಊರಿನವರಿಗೆ ಅವು ಯಾವತ್ತೂ ಅಪರಿಚಿತವಾಗಿರಲಿಲ್ಲ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂದು ಬಳ್ಳಾರಿಯ ಕಡೆ ಹೇಳುತ್ತಿದ್ದರು. ಹಂಪಿಯ ಬಳಿಯ ನಿಂಬಾಪುರದ ದಿಬ್ಬ ವಾಲಿಯ ಚಿತೆ ಎಂದು ಇಂದಿಗೂ ತೋರಿಸುತ್ತಾರೆ. ನಾನು ಈ ಕಥೆಗಳನ್ನು ತಳ್ಳಿಹಾಕುವುದಿಲ್ಲ. ಇದು ಮಣ್ಣಲ್ಲ, ಬೂದಿ. ಇದು ಸಾಮಾನ್ಯ ಬೆಂಕಿಯಲ್ಲ, ದೊಡ್ಡ ಬೆಂಕಿ. ಇದು ನಮ್ಮ ಅಜ್ಜಂದಿರ ಕಾಲದ್ದಲ್ಲ, ಬಹಳ ಹಿಂದಿನದು ಎಂಬ ಮೂರು ಸರಿಯಾದ ಗ್ರಹಿಕೆಗಳು ಅವುಗಳಲ್ಲಿವೆ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಥಾಮಸ್ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ, ಭೂವಿಜ್ಞಾನದ ಆಸಕ್ತಿಯಿಂದ ಈ ದಿಬ್ಬಗಳ ಬಗ್ಗೆ ಬರೆದ ಮೇಲೆ ಊಹೆಗಳ ಸಾಲು ಬೆಳೆಯಿತು. ಜ್ವಾಲಾಮುಖಿಯ ಉಗುಳು ಎಂದರು, ಲೋಹ ಕರಗಿಸಿದ ಕಿಟ್ಟ ಎಂದರು, ಸಾಮೂಹಿಕ ದಹನ ನಡೆದ ಜಾಗ ಎಂದರು. ಇವುಗಳ ನಡುವೆ ನೆಲದ ಮೇಲೆ ಕಾಲಿಟ್ಟು ಯೋಚಿಸಿದವನು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಭಾರತದ ಪ್ರಾಗಿತಿಹಾಸಕ್ಕೆ ನಾಂದಿ ಹಾಕಿದ ಭೂವಿಜ್ಞಾನಿ ಇವನೇ. ಬಳ್ಳಾರಿಯ ಗುಡ್ಡಗಳನ್ನು ಅಲೆದು, ಬೂದಿಯ ಸುತ್ತಮುತ್ತ ನಯಗೊಳಿಸಿದ ಕಲ್ಲುಗೊಡಲಿಗಳು, ಮಡಕೆಯ ಚೂರುಗಳು, ದನದ ಎಲುಬುಗಳು ಸಿಗುವುದನ್ನು ಕಂಡು, ಇವು ನವಶಿಲಾಯುಗದ ದನಗಾರರ ದೊಡ್ಡಿಗಳಿದ್ದ ಸ್ಥಳ, ಬೂದಿ ಸಗಣಿಯದು ಎಂಬ ತೀರ್ಮಾನದ ಕಡೆಗೆ ಅವನು ಬಂದಿದ್ದ. ಆದರೂ ವಾದ ನಿಲ್ಲಲಿಲ್ಲ. ಕಿಟ್ಟವೆಂದರೆ ಕುಲುಮೆಯೇ ಆಗಬೇಕು, ಸಗಣಿಯಿಂದ ಕಲ್ಲಿನಂಥ ಗಾಜು ಹುಟ್ಟುವುದು ಹೇಗೆ ಎಂಬ ಆಕ್ಷೇಪಣೆ ಉಳಿದೇ ಇತ್ತು. ಲಂಡನ್ನಿನ ಪುರಾತತ್ತ್ವ ಸಂಸ್ಥೆಯಲ್ಲಿದ್ದ ಫ್ರೆಡರಿಕ್ ಜಾಯ್ನರ್ ಕುಡತಿನಿಯ ಮಾದರಿಗಳನ್ನು ಪರೀಕ್ಷಿಸಿ 1960ರ ಹೊತ್ತಿಗೆ ಪ್ರಕಟಿಸಿದ ಲೇಖನ ಈ ಆಕ್ಷೇಪಣೆಗೆ ತೆರೆ ಎಳೆಯಿತು. ನ್ಯೂಬೋಲ್ಡ್‌ನ ಕಾಲದಿಂದ ಎಣಿಸಿದರೆ ಸುಮಾರು ನೂರಿಪ್ಪತ್ತು ವರ್ಷ.

ಕಾರಣ ನನ್ನ ಪಾಠದ ಒಳಗಿನದೇ. ಹುಲ್ಲು ನೆಲದಿಂದ ಸಿಲಿಕಾವನ್ನು ಹೀರಿ ತನ್ನ ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತದೆ. ದನ ಹುಲ್ಲನ್ನು ಎಷ್ಟು ಸಲ ಮೆಲುಕು ಹಾಕಿದರೂ ಆ ಸಿಲಿಕಾ ಕರಗುವುದಿಲ್ಲ, ಸಗಣಿಯಲ್ಲಿ ಹಾಗೆಯೇ ಹೊರಬೀಳುತ್ತದೆ. ಮರಳು ಒಂದೇ ಆಗಿದ್ದರೆ ಕರಗಲು 1700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಸಸ್ಯದ ಬೂದಿಯಲ್ಲಿ ಪೊಟ್ಯಾಶಿಯಂ ಮೊದಲಾದ ಕ್ಷಾರಗಳೂ ಇರುತ್ತವೆ, ಅವು ಸಿಲಿಕಾದ ಕರಗುವ ಬಿಂದುವನ್ನು ನೂರಾರು ಡಿಗ್ರಿ ಕೆಳಗಿಳಿಸುತ್ತವೆ. ಆಳವಾದ ಗುಡ್ಡೆಯೊಂದು ದಿನಗಟ್ಟಲೆ ಒಳಗೊಳಗೇ ಉರಿದರೆ ಕುಲುಮೆಯೂ ತಿದಿಯೂ ಇಲ್ಲದೆಯೇ ಬೂದಿ ಬೆಸೆದುಕೊಂಡು ಗಾಜಾಗಬಲ್ಲದು.

ಸೂಕ್ಷ್ಮದರ್ಶಕದ ಕೆಳಗಿನ ಡಮರುಗ

ಮಾವನ ಪ್ರಶ್ನೆಯ ನೆಪದಲ್ಲಿ ಒಂದು ಶನಿವಾರ ನಮ್ಮ ಪ್ರಯೋಗಾಲಯದಲ್ಲಿ ಮಕ್ಕಳೊಡನೆ ಒಂದು ಸಣ್ಣ ಕೆಲಸ ಮಾಡಿದೆ. ದಿಬ್ಬದ ಬೂದಿಯನ್ನು ಮುಟ್ಟುವ ಹಕ್ಕು ನಮಗಿಲ್ಲ. ಆದ್ದರಿಂದ ಒಬ್ಬ ಹುಡುಗಿ ತನ್ನ ಮನೆಯ ಒಲೆಯಿಂದ ಕುಳ್ಳಿನ ಬೂದಿಯನ್ನು ಒಂದು ಡಬ್ಬಿಯಲ್ಲಿ ತಂದಿದ್ದಳು. ಒಂದು ಚಮಚ ಬೂದಿಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಬುಸ್ಸೆಂದು ನೊರೆಯೆದ್ದಿತು; ಅದು ಕಾರ್ಬೊನೇಟ್ ಕರಗಿ ಇಂಗಾಲದ ಡೈಆಕ್ಸೈಡ್ ಹೊರಬಿದ್ದ ಸದ್ದು. ನೊರೆ ಅಡಗಿದ ಮೇಲೆ ತಳದಲ್ಲಿ ಉಳಿದದ್ದನ್ನು ನಾಲ್ಕೈದು ಸಲ ತೊಳೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು, ಜೀವಶಾಸ್ತ್ರ ವಿಭಾಗದಿಂದ ಎರವಲು ತಂದ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಮೊದಲಿಗೆ ಬರೀ ಕಸ. ಫೋಕಸ್ ತಿರುಗಿಸುತ್ತಾ ಹೋದಂತೆ ಕಸದ ನಡುವೆ ತಿಳಿಯಾದ ಚಿಕ್ಕ ಚಿಕ್ಕ ಆಕಾರಗಳು ಎದ್ದು ಬಂದವು. ಎರಡು ತುದಿ ದುಂಡಗೆ, ನಡು ಸಣ್ಣಗೆ. “ಮಿಸ್, ಡಮರುಗ!” ಎಂದು ಹುಡುಗಿ ಕೂಗಿದಳು. ಹುಲ್ಲಿನ ಎಲೆಯ ಕೋಶದೊಳಗೆ ಸಿಲಿಕಾ ತುಂಬಿ ಅಚ್ಚಾದ ರೂಪ ಅದು. ಎಲೆ ಕೊಳೆತರೂ, ಹಸು ಮೆಲುಕು ಹಾಕಿದರೂ, ಒಲೆಯಲ್ಲಿ ಉರಿದರೂ ಅಚ್ಚು ಉಳಿಯುತ್ತದೆ. ಹುಲ್ಲಿನ ಬೇರೆ ಬೇರೆ ಕುಲಗಳಿಗೆ ಬೇರೆ ಬೇರೆ ಆಕಾರಗಳಿವೆ, ಆದ್ದರಿಂದ ಇವನ್ನು ಎಣಿಸಿ ಆ ದನ ಯಾವ ಬಗೆಯ ಮೇವು ತಿಂದಿತ್ತು ಎಂದು ಹೇಳಲು ಬರುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಮೆಲುಕು ಹಾಕುವ ಪ್ರಾಣಿಗಳ ಕರುಳಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಅತಿ ಸಣ್ಣ ಗೋಲಿಗಳು ಹುಟ್ಟುತ್ತವೆ, ಸಗಣಿಯಲ್ಲಿಯೂ ಹಿಕ್ಕೆಯಲ್ಲಿಯೂ ಹೊರಬರುತ್ತವೆ. ಧ್ರುವೀಕೃತ ಬೆಳಕಿನಲ್ಲಿ ಅವು ಶಿಲುಬೆಯ ಗುರುತಿನೊಡನೆ ಮಿನುಗುತ್ತವೆ. ಸಗಣಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ನಾವು ಆಮ್ಲ ಹಾಕಿದ ಕ್ಷಣದಲ್ಲಿಯೇ ಆ ಸಾಕ್ಷಿಯನ್ನು ಕರಗಿಸಿಬಿಟ್ಟಿದ್ದೆವು. ಸಿಲಿಕಾ ಕಾಣಬೇಕಾದರೆ ಆಮ್ಲ ಬೇಕು, ಗೋಲಿ ಕಾಣಬೇಕಾದರೆ ಆಮ್ಲ ಕೂಡದು. ಬೆಂಕಿ 700 ಡಿಗ್ರಿಯ ಆಸುಪಾಸು ದಾಟಿದ್ದರಂತೂ ಗೋಲಿಗಳು ತಾವಾಗಿಯೇ ನಾಶವಾಗಿರುತ್ತವೆ. ಮಾದರಿಯನ್ನು ಎರಡು ಪಾಲು ಮಾಡದೆ ಕೆಲಸ ಶುರು ಮಾಡುವುದು ಎಷ್ಟು ದೊಡ್ಡ ತಪ್ಪು ಎಂಬುದನ್ನು ಆ ಮಕ್ಕಳು ಇನ್ನು ಮರೆಯಲಾರರು, ನಾನೂ ಮರೆಯಲಾರೆ.

ಗೊರಸಿನ ಗುರುತು, ಸಂಕ್ರಾಂತಿಯ ಕಿಚ್ಚು

ಸಗಣಿ ಎಂಬುದು ಇತ್ಯರ್ಥವಾದ ಹೊತ್ತಿನಲ್ಲಿಯೇ ಯಾಕೆ ಎಂಬ ಪ್ರಶ್ನೆಯನ್ನು ಒಬ್ಬ ಪುರಾತತ್ತ್ವಜ್ಞ ಕೈಗೆತ್ತಿಕೊಂಡಿದ್ದ. ರೇಮಂಡ್ ಆಲ್ಚಿನ್ 1957ರಲ್ಲಿ ಇಂದಿನ ತೆಲಂಗಾಣಕ್ಕೆ ಸೇರಿದ ಉತ್ನೂರಿನ ಬೂದಿದಿಬ್ಬವನ್ನು ಅಗೆದ. ಬೂದಿಯ ಪದರಗಳ ನಡುವೆ ಬೇಲಿಗಂಬ ನೆಟ್ಟ ಕುಳಿಗಳ ಸಾಲುಗಳು ಸಿಕ್ಕವು, ಅವುಗಳ ಒಳಗಡೆ ದನಗಳ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು. ದನ ಕೂಡಿದ ದೊಡ್ಡಿ, ದೊಡ್ಡಿಯಲ್ಲಿ ಶೇಖರವಾದ ಸಗಣಿ, ಸಗಣಿಗೆ ಬೆಂಕಿ, ಅದೇ ಜಾಗದಲ್ಲಿ ಮತ್ತೆ ಬೇಲಿ, ಮತ್ತೆ ದನ. ಇದು ಆಕಸ್ಮಿಕ ಬೆಂಕಿಯಲ್ಲ, ಶತ್ರುಗಳು ಇಟ್ಟ ಬೆಂಕಿಯೂ ಅಲ್ಲ, ಋತುಮಾನಕ್ಕೆ ಸರಿಯಾಗಿ ಜನ ತಾವಾಗಿಯೇ ಹಚ್ಚಿದ ಬೆಂಕಿ ಎಂದು ಅವನು ವಾದಿಸಿದ. ಹೋಳಿ, ದೀಪಾವಳಿ, ಪೊಂಗಲ್‌ಗಳಲ್ಲಿ ಬೆಂಕಿಗೂ ದನಕ್ಕೂ ಇರುವ ನಂಟನ್ನು ಆಧಾರವಾಗಿ ತೋರಿಸಿದ. ಹಳೆಯ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಉರಿಯುವ ಹುಲ್ಲಿನ ಮೇಲೆ ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಈ ವಾದ ತಕ್ಷಣ ನಾಟುತ್ತದೆ. ನನಗೂ ನಾಟಿತು, ಆದರೆ ಹಬ್ಬದ ಹೋಲಿಕೆ ಎಷ್ಟೇ ಚೆನ್ನಾಗಿದ್ದರೂ ಮೂರುನಾಲ್ಕು ಸಾವಿರ ವರ್ಷದ ಅಂತರವನ್ನು ಹೋಲಿಕೆಯೊಂದರಿಂದಲೇ ದಾಟಲು ಬರುವುದಿಲ್ಲ.

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ವರ್ಷಗಟ್ಟಲೆ ಅಗೆದು ತೋರಿಸಿದ್ದು ಇನ್ನೊಂದು ಚಿತ್ರ. ಅಲ್ಲಿ ಬೂದಿಯ ಪಕ್ಕದಲ್ಲಿಯೇ ಜನರ ವಸತಿ ಇತ್ತು, ದನ ಕೂಡುವ ಜಾಗ ಬೇರೆ ಇತ್ತು, ಮಾಂಸ ಕಡಿದ ನೆಲವೂ ಕಲ್ಲಿನ ಉಪಕರಣ ಮಾಡಿದ ತಾಣವೂ ಸಿಕ್ಕವು. ಅಂದರೆ ಬೂದಿದಿಬ್ಬವೆಂಬುದು ಅಡವಿಯ ಒಂಟಿ ದೊಡ್ಡಿಯಲ್ಲ, ಬದುಕಿ ಬಾಳಿದ ಹಟ್ಟಿಯ ಒಂದು ಭಾಗ. ಸಗಣಿಯನ್ನು ಒಂದು ಕಡೆ ಒಟ್ಟಿ ಆಗಾಗ ಸುಡುವುದು ಹಟ್ಟಿಯನ್ನು ಚೊಕ್ಕಟವಾಗಿಡುವ ದಾರಿಯೂ ಆಗಿರಬಹುದು. ಪೀಟರ್ ಜೋಹಾನ್ಸನ್ 2004ರ ಲೇಖನದಲ್ಲಿ ಇನ್ನೂ ಮುಂದೆ ಹೋಗಿ, ಒಂದೇ ಜಾಗದಲ್ಲಿ ಪದರದ ಮೇಲೆ ಪದರ ಎತ್ತರಿಸುತ್ತಾ ಹೋದದ್ದು ಕಸದ ವಿಲೇವಾರಿಯಷ್ಟೇ ಅಲ್ಲ, ದೂರದಿಂದ ಕಾಣುವ ಸ್ಮಾರಕವನ್ನು ಬೇಕೆಂದೇ ಕಟ್ಟಿದ್ದು ಎಂದರು.

ಹಟ್ಟಿಯ ಆರೋಗ್ಯದ ವಿಚಾರ ನನ್ನನ್ನು ಬಹಳ ದಿನ ಹಿಡಿದಿಟ್ಟಿತು. ಉಣ್ಣೆ, ನೊಣ, ಗೊರಸಿನ ಕೊಳೆ ಇವೆಲ್ಲ ಹಸಿ ಸಗಣಿಯ ದೊಡ್ಡಿಯಲ್ಲಿ ಹೆಚ್ಚುತ್ತವೆ. ಬೆಂಕಿ ಅವುಗಳಿಗೆ ಮದ್ದು. ಪರಿಚಯದ ಪಶುವೈದ್ಯರೊಬ್ಬರ ಬಳಿ, ನೆರಡಿಯಂಥ ಬೇನೆ ಬಂದಾಗ ಸುಟ್ಟಿರಬಹುದೇ, ಸಿಕ್ಕ ಎಲುಬುಗಳಲ್ಲಿ ಅದರ ಗುರುತು ಇರಬೇಕಲ್ಲವೇ ಎಂದು ಕೇಳಿದೆ. ಅವರು ತಲೆಯಾಡಿಸಿದರು. ಒಂದೆರಡು ದಿನದಲ್ಲಿ ಕೊಲ್ಲುವ ಬೇನೆ ಎಲುಬಿನ ಮೇಲೆ ಏನನ್ನೂ ಬರೆಯುವುದಿಲ್ಲ; ಎಲುಬಿಗೆ ಗುರುತು ಬೀಳಬೇಕಾದರೆ ಪ್ರಾಣಿ ತಿಂಗಳುಗಟ್ಟಲೆ ನರಳಿ ಬದುಕಿರಬೇಕು. ಹಾಗಾಗಿ ಎಲುಬು ಸುಮ್ಮನಿದೆ ಎಂದ ಮಾತ್ರಕ್ಕೆ ಬೇನೆ ಇರಲಿಲ್ಲ ಎನ್ನಲಾಗದು, ಇತ್ತು ಎನ್ನಲೂ ಆಗದು. ಅಂದಹಾಗೆ ನಮ್ಮ ನಾಡಿನ ಉತ್ಖನನಗಳಲ್ಲಿ ಸಿಕ್ಕ ಪ್ರಾಣಿಗಳ ಎಲುಬುಗಳನ್ನು ಓದಿದವರಲ್ಲಿ ಪಶುವೈದ್ಯರೊಬ್ಬರ ಹೆಸರು ದೊಡ್ಡದು, ಹಾವೇರಿ ಜಿಲ್ಲೆಯ ಹಳ್ಳೂರಿನ ಎಲುಬುಗಳನ್ನು ಪರಿಶೀಲಿಸಿದ ಕೆ. ಆರ್. ಆಲೂರರದು. ಹಾಗೆಯೇ ತೆಕ್ಕಲಕೋಟೆಯ ನವಶಿಲಾಯುಗದ ನೆಲೆಯ ವರದಿಯನ್ನು 1965ರಲ್ಲಿ ಪುರಾತತ್ತ್ವಜ್ಞ ಎಂ. ಎಸ್. ನಾಗರಾಜರಾಯರೂ ಮಾನವಶಾಸ್ತ್ರಜ್ಞ ಕೆ. ಸಿ. ಮಲ್ಹೋತ್ರಾ ಅವರೂ ಸೇರಿಯೇ ಬರೆದರು. ಶಾಸ್ತ್ರಗಳು ಕೂಡಿ ಕೆಲಸ ಮಾಡಬೇಕು ಎಂಬುದನ್ನು ಈಗ ಹೊಸ ಮಾತೆಂಬಂತೆ ಹೇಳುವವರಿದ್ದಾರೆ. ಬಳ್ಳಾರಿಯ ಬಂಡೆಗಳ ನಡುವೆ ಅದು ಹಳೆಯ ರೂಢಿ.

ನೀರಿನ ಮೇಲೆ ತೇಲಿದ ಹುರಳಿ

ಉತ್ತರ ಸಿಗುವ ಸುಳಿವು ಕಂಡದ್ದು ನಾನು ಎಣಿಸದ ಕಡೆ, ಕಾಳುಗಳಲ್ಲಿ. ಅಗೆದ ಮಣ್ಣಿನಿಂದ ಹಳೆಯ ಕಾಳನ್ನು ಬೇರ್ಪಡಿಸುವ ವಿಧಾನವನ್ನು ಒಮ್ಮೆ ಒಂದು ಶಿಬಿರದಲ್ಲಿ ಹತ್ತಿರದಿಂದ ನೋಡಿದ್ದೆ. ಉಪಕರಣವೆಂದರೆ ಎರಡು ಬಕೆಟ್ಟು, ಒಂದು ತೆಳ್ಳನೆಯ ಬಟ್ಟೆ. ಮಣ್ಣನ್ನು ನೀರಿಗೆ ಸುರಿದು ಕೈಯಿಂದ ನಿಧಾನವಾಗಿ ಕಲಕುತ್ತಾರೆ. ಮಣ್ಣು ತಳಕ್ಕಿಳಿಯುತ್ತದೆ, ಸುಟ್ಟು ಕರಿಕಾದ ಕಾಳು ಹಗುರವಾದ್ದರಿಂದ ಮೇಲೆ ತೇಲುತ್ತದೆ. ಕಾಫಿಯ ಚರಟದಂತೆ ಕಾಣುವ ಆ ಕಪ್ಪು ಪುಡಿಯನ್ನು ಬಟ್ಟೆಗೆ ಬಗ್ಗಿಸಿ, ಗಂಟು ಕಟ್ಟಿ, ನೆರಳಲ್ಲಿ ಒಣಗಿಸುತ್ತಾರೆ. ಬಿಸಿಲಿಗೆ ಹಾಕಿದರೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಒಣಗಿದ ಮೇಲೆ ಒಬ್ಬರು ಭೂತಗನ್ನಡಿಯ ಕೆಳಗೆ ಕುಂಚದ ತುದಿಯಿಂದ ಒಂದು ಕಾಳನ್ನು ಹೊರಳಿಸಿ ನನಗೆ ತೋರಿಸಿದರು. ಬಣ್ಣ ಕಪ್ಪಾಗಿತ್ತು, ಸಿಪ್ಪೆ ಹೋಗಿತ್ತು, ಆದರೆ ಆ ಚಪ್ಪಟೆ ಬಾಗು ನೂರು ಸಲ ಮೊರದಲ್ಲಿ ಕೇರಿ ಆರಿಸಿದ ಹುರಳಿಯದೇ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಲಂಡನ್ನಿನ ಸಸ್ಯಪುರಾತತ್ತ್ವಜ್ಞ ಡೋರಿಯನ್ ಫುಲ್ಲರ್, ನಿಕೋಲ್ ಬೊಯ್ವಿನ್ ಮೊದಲಾದವರು ಬಳ್ಳಾರಿಯ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ಸೇರಿ ಮಾಡಿದ ಕೆಲಸದಿಂದ, ಫುಲ್ಲರ್ ಹಳ್ಳೂರು, ತೆಕ್ಕಲಕೋಟೆ ಮೊದಲಾದ ನೆಲೆಗಳ ಮಣ್ಣನ್ನು ಹೀಗೆಯೇ ತೇಲಿಸಿ ನೋಡಿದ್ದರಿಂದ ಒಂದು ಸ್ಪಷ್ಟವಾದ ಊಟದ ತಟ್ಟೆ ನಮ್ಮ ಮುಂದಿದೆ. ಹುರಳಿ, ಹೆಸರು, ಕೊರಲೆ, ಜೊತೆಗೆ ನವಣೆಯ ಕುಲಕ್ಕೆ ಸೇರಿದ ಒಂದು ಹುಲ್ಲುಧಾನ್ಯ. ಇವು ನಾಲ್ಕೂ ಈ ಒಣ ನೆಲದ ಮಳೆಗಾಲದ ಬೆಳೆಗಳು. ಮಾವನ ಹೊಲದ ಜೋಳವಾಗಲಿ ದಕ್ಷಿಣದವರ ರಾಗಿಯಾಗಲಿ ಮೂಲತಃ ಆಫ್ರಿಕದವು, ತಡವಾಗಿ ಇಲ್ಲಿಗೆ ಬಂದು ನೆಲೆಯಾದವು. ಕೊರಲೆ ನಮ್ಮ ಕಾಲದಲ್ಲಿ ತುಮಕೂರು–ಚಿತ್ರದುರ್ಗದ ಅಂಚಿನ ಕೆಲವೇ ಹೊಲಗಳಿಗೆ ಸರಿದು ಈಗ ಮತ್ತೆ ಅಂಗಡಿಗೆ ಬರುತ್ತಿದೆ. ಅದರ ಚೀಲ ಕಂಡಾಗಲೆಲ್ಲ ನನಗೆ ಸಂಗನಕಲ್ಲು ನೆನಪಾಗುತ್ತದೆ.

ಮಾವನ ಪ್ರಶ್ನೆಗೆ ಇದರ ಸಂಬಂಧ ಇಷ್ಟು. ಕೊರಲೆ ಬಡ ನೆಲದಲ್ಲಿಯೂ ಬರುತ್ತದೆ. ಹುರಳಿ, ಹೆಸರುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಇಂಥ ಬೆಳೆಗಳನ್ನು ಸಣ್ಣ ತುಂಡುಗಳಲ್ಲಿ ಬೆಳೆದು, ನೆಲ ಸಾಲದಾದರೆ ಪಕ್ಕಕ್ಕೆ ಸರಿಯುವ ಜನರಿಗೆ ಗೊಬ್ಬರದ ಹಸಿವು ನಮ್ಮಷ್ಟು ಇರಲಿಕ್ಕಿಲ್ಲ. ಅವರ ಸಂಪತ್ತು ದನ. ಕುಪ್ಪಗಲ್ಲಿನ ಬಂಡೆಗಳ ಮೇಲೆ ಅವರು ಕುಟ್ಟಿ ಬಿಡಿಸಿದ್ದರಲ್ಲಿ ಹೆಚ್ಚಿನವು ಡುಬ್ಬವಿರುವ, ಉದ್ದ ಕೊಂಬಿನ ದನಗಳು. ಸಗಣಿ ಅಂಥವರಿಗೆ ಹೊಲದ ಬಾಬತ್ತಲ್ಲ, ಹಿಂಡಿನ ಬಾಬತ್ತು. ಇದು ನನ್ನ ಊಹೆ. ಆದರೆ ಕಾಳು, ಎಲುಬು, ಬಂಡೆ ಮೂರನ್ನೂ ಒಟ್ಟಿಗೆ ನೋಡದೆ ಈ ಊಹೆಗೂ ಬರಲು ನನಗೆ ಆಗುತ್ತಿರಲಿಲ್ಲ.

ಕಲ್ಲಿನ ಕ್ವಾರಿಗಳು ಕುಪ್ಪಗಲ್ಲಿನ ಗುಡ್ಡವನ್ನು ಕೊರೆದಿವೆ. ಎಷ್ಟೋ ಬೂದಿದಿಬ್ಬಗಳನ್ನು ಹೊಲಕ್ಕೆ ಹಾಕಲು ತೋಡಿ ಒಯ್ದಿದ್ದಾರೆ. ಸುಟ್ಟಾಗ ಸಾರಜನಕ ಹಾರಿಹೋದರೂ ಪೊಟ್ಯಾಶ್, ರಂಜಕ ಬೂದಿಯಲ್ಲಿ ಉಳಿಯುತ್ತವೆ ಎಂಬುದು ರೈತನಿಗೆ ಗೊತ್ತು. ಅವನನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಒಂದು ಟ್ರ್ಯಾಕ್ಟರ್ ಬೂದಿಯ ಜೊತೆ ಹೋಗುವ ಡಮರುಗಗಳು, ಗೊರಸಿನ ಅಚ್ಚುಗಳು, ಕರಿಕು ಕಾಳುಗಳು ಮತ್ತೆ ಹುಟ್ಟುವಂಥವಲ್ಲ ಎಂದು ಆ ಊರಿನಲ್ಲಿ ಕನ್ನಡದಲ್ಲಿ ಕೂತು ಹೇಳಬೇಕಾದವರು ನಾವು, ನಾವು ಹೇಳಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಅರ್ಧ ಮಾಡು

ಈ ವರ್ಷ ಯುಗಾದಿಗೆ ಮುಂಚೆ ಮಾವನ ಊರಿಗೆ ಹೋದಾಗ ಅವರು ತಿಪ್ಪೆ ಒಡೆಸಿ ಬಂಡಿಗೆ ಗೊಬ್ಬರ ತುಂಬಿಸುತ್ತಿದ್ದರು. ಬೇವಿನ ನೆರಳಲ್ಲಿ ಕೂತು ನಾನು ಓದಿದ್ದನ್ನೆಲ್ಲ ಹೇಳಿದೆ. ಅವರಿಗೆ ದೊಡ್ಡ ಹೊಲಗಳಿರಲಿಲ್ಲ ಮಾವ, ಗೊಬ್ಬರ ಹಾಕುವ ಜಾಗವೇ ಕಡಿಮೆಯಿತ್ತು ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ಸುಡೋದು ಯಾವಾಗ ನಿಂತಿತು ಅಂತ ಹುಡುಕವ್ವ. ಆವತ್ತಿಂದ ಯಾರೋ ಹೊಲ ಮಾಡ್ಯಾರ” ಎಂದರು. ನಾನು ಬೆರಗಾದೆ. ಸಂಗನಕಲ್ಲಿನ ಸಣ್ಣರಾಚಮ್ಮ ಗುಡ್ಡದಲ್ಲಿ ಕೆಳಗೆ ಬೂದಿಯ ಪದರಗಳಿವೆ, ಅವುಗಳ ಮೇಲೆ ಊರು ಕಟ್ಟಿ ನೆಲೆನಿಂತ ಜನರ ಪದರಗಳಿವೆ. ಇದ್ದಿಲಿನ ರೇಡಿಯೋ ಕಾರ್ಬನ್ ಲೆಕ್ಕದಿಂದ ಈ ಕ್ರಮವನ್ನು ಗಟ್ಟಿ ಮಾಡಿದ್ದಾರೆ. ಬೆಂಕಿ ನಿಂತದ್ದೂ ಜನ ಒಂದೆಡೆ ನೆಲೆನಿಂತದ್ದೂ ಹತ್ತಿರ ಹತ್ತಿರದ ಸಂಗತಿಗಳು. ಇದನ್ನು ಓದದೆಯೇ ಮಾವ ಅಲ್ಲಿಗೆ ತಲುಪಿದ್ದರು.

ಆಮೇಲೆ ಅವರೇ ಲೆಕ್ಕಕ್ಕೆ ಕೂರಿಸಿದರು. ಒಂದು ದನ ದಿನಕ್ಕೆ ಹತ್ತು ಕಿಲೋ ಸಗಣಿ ಹಾಕುತ್ತದೆ ಎಂದು ಹಿಡಿದೆವು. ಒಣಗಿದರೆ ಐದರಲ್ಲೊಂದು ಪಾಲು, ಎರಡು ಕಿಲೋ. ಸುಟ್ಟರೆ ಅದರಲ್ಲಿಯೂ ಐದರಲ್ಲೊಂದು ಪಾಲು, 400 ಗ್ರಾಂ ಬೂದಿ. ನೂರು ದನದ ಹಟ್ಟಿಯಾದರೆ ದಿನಕ್ಕೆ 40 ಕಿಲೋ, ವರ್ಷಕ್ಕೆ ಹದಿನೈದು ಟನ್ನಿಗೆ ಸ್ವಲ್ಪ ಕಡಿಮೆ. ನಾನು ನೋಟುಪುಸ್ತಕದಲ್ಲಿ 15 ಎಂದು ಬರೆದು ಕೆಳಗೆ ಗೆರೆ ಎಳೆದೆ. ಮಾವ ಬಗ್ಗಿ ನೋಡಿ ತಲೆ ಅಡ್ಡ ಆಡಿಸಿದರು. “ದನ ಹಗಲೆಲ್ಲ ಅಡವ್ಯಾಗ ಮೇಯ್ತಾವ. ದೊಡ್ಡಿಯಾಗ ಬೀಳೋದು ರಾತ್ರಿ ಸಗಣಿ ಅಷ್ಟ. ಅರ್ಧ ಮಾಡು.”

ನಾನು 15ನ್ನು ಹೊಡೆದುಹಾಕಿ ಪಕ್ಕದಲ್ಲಿ ಏಳೂವರೆ ಎಂದು ಬರೆದೆ.